ಮೂಲವ್ಯಾಧಿ: ಮನೆಯಲ್ಲಿ ಏನು ಮಾಡಬಹುದು, ಯಾವಾಗ ಆಸ್ಪತ್ರೆಗೆ ಹೊರಡಬೇಕು

ಅಡಿಕೆ ಸುಲಿಯುವ ಕೆಲಸ ಶುರುವಾಗುವ ದಿನಗಳಲ್ಲಿ ಒಮ್ಮೆ, ಜಡಿಮಳೆ ಹಿಡಿದು ಎಲ್ಲರೂ ಮನೆಯೊಳಗೇ ಕೂರುವ ಆಷಾಢದಲ್ಲಿ ಇನ್ನೊಮ್ಮೆ, ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. ಯಾರೂ ನೇರವಾಗಿ ಕೇಳುವುದಿಲ್ಲ. "ನಮ್ಮ ಪರಿಚಯದವರೊಬ್ಬರಿಗೆ" ಎಂದು ಮಾತು ತೆಗೆಯುತ್ತಾರೆ, "ಉಷ್ಣ ಆಗಿರಬೇಕು" ಎನ್ನುತ್ತಾರೆ, ಕೊನೆಯ ಸಾಲಿನಲ್ಲಿ ಶೌಚದ ಜೊತೆ ರಕ್ತ ಬೀಳುತ್ತಿರುವ ವಿಷಯ ಬರುತ್ತದೆ. ಅಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಮೂಲವ್ಯಾಧಿ ತೀರಾ ಸಾಮಾನ್ಯವಾದ ತೊಂದರೆ, ಆರಂಭದಲ್ಲಿ ಬಹುಪಾಲು ಮನೆಯಲ್ಲೇ ಹತೋಟಿಗೆ ಬರುತ್ತದೆ. ಆದರೆ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು, ರಕ್ತ ಬಂದದ್ದೆಲ್ಲ ಮೂಲವ್ಯಾಧಿಯಲ್ಲ. ಎರಡು, ಇದಕ್ಕೆ ಮದ್ದು ಹಚ್ಚುವ ಮುಲಾಮಿನಲ್ಲಿಲ್ಲ, ಮಲ ಮೃದುವಾಗುವುದರಲ್ಲಿದೆ. ಮುಲಾಮು ಉರಿಯನ್ನು ಕೆಲವು ಗಂಟೆ ತಣಿಸಬಹುದು. ಗಟ್ಟಿ ಮಲ ಮರುದಿನ ಅದೇ ಜಾಗವನ್ನು ಮತ್ತೆ ಉಜ್ಜುತ್ತದೆ.

ಒಳಗೆ ಆಗುವುದೇನು?

ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ಅಂಗಾಂಶ ಇರುತ್ತದೆ. ಇದು ಹುಟ್ಟಿನಿಂದಲೇ ಎಲ್ಲರಲ್ಲೂ ಇದೆ. ಗಾಳಿ, ನೀರು, ಮಲ ತಾನಾಗಿ ಸೋರದಂತೆ ಬಾಯಿಯನ್ನು ಬಿಗಿಯಾಗಿ ಮುಚ್ಚಲು ಅದು ನೆರವಾಗುತ್ತದೆ. ಶೌಚಕ್ಕೆ ಮುಕ್ಕುವುದು (ತಿಣುಕುವುದು), ಶೌಚಾಲಯದಲ್ಲಿ ಬಹಳ ಹೊತ್ತು ಕೂರುವುದು, ಬಸಿರು, ಹಳೆಯ ಕೆಮ್ಮು, ಭಾರ ಎತ್ತುವ ಕೆಲಸ ಇವುಗಳಿಂದ ಅಲ್ಲಿ ಒತ್ತಡ ಹೆಚ್ಚಿ, ಆ ಮೆತ್ತೆ ಊದಿಕೊಂಡು ಕೆಳಕ್ಕೆ ಜಾರುತ್ತದೆ. ಜನ ಮೊಳೆ, ಪೈಲ್ಸ್ ಎನ್ನುವುದು ಇದನ್ನೇ.

ಮೊಳೆ ಒಳಗಿದ್ದರೆ ನೋವು ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಅಷ್ಟು ಮೇಲಿನ ಭಾಗದಲ್ಲಿ ಚರ್ಮದಲ್ಲಿರುವಂಥ ನೋವಿನ ನರಗಳಿಲ್ಲ. ಶೌಚದ ಕೊನೆಯಲ್ಲಿ ಕೆಂಪು ರಕ್ತ ಹನಿಯುವುದೇ ಅದರ ಮುಖ್ಯ ಗುರುತು. ಹೊರಗಿನ ಮೊಳೆ ಗುದದ್ವಾರದ ಅಂಚಿನ ಚರ್ಮದ ಕೆಳಗಿರುತ್ತದೆ, ಕೈಗೆ ಸಿಗುತ್ತದೆ, ತುರಿಸುತ್ತದೆ. ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಮಾತ್ರ ಒಂದೇ ದಿನದಲ್ಲಿ ನೀಲಿ ಬಣ್ಣದ ಗಟ್ಟಿ ಗಂಟು ಎದ್ದು, ಕೂರಲಾಗದಷ್ಟು ನೋವಾಗುತ್ತದೆ.

ವೈದ್ಯರು ಒಳಮೊಳೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಹೊರಗೆ ಬಾರದೆ ರಕ್ತ ಮಾತ್ರ ಬಂದರೆ ಒಂದನೆಯದು. ಶೌಚದ ಹೊತ್ತಿನಲ್ಲಿ ಹೊರಬಂದು ತಾನಾಗಿ ಒಳಹೋದರೆ ಎರಡನೆಯದು. ಬೆರಳಿನಿಂದ ಒಳಗೆ ತಳ್ಳಬೇಕಾದರೆ ಮೂರನೆಯದು. ತಳ್ಳಿದರೂ ಒಳಗೆ ನಿಲ್ಲದಿದ್ದರೆ ನಾಲ್ಕನೆಯದು. ಈ ಲೇಖನದಲ್ಲಿ ಹೇಳುವ ಮನೆಮದ್ದು ಹೆಚ್ಚು ಫಲ ಕೊಡುವುದು ಮೊದಲ ಎರಡು ದರ್ಜೆಯವರಿಗೆ. ಉಳಿದವರಿಗೂ ಅದು ಬೇಕು, ಆದರೆ ಅದೊಂದೇ ಸಾಲದು.

ಶೌಚದ ಹೊತ್ತಿನಲ್ಲಿ ಬ್ಲೇಡಿನಿಂದ ಕೊಯ್ದಂತೆ ಚುರುಗುಟ್ಟಿ, ಆಮೇಲೂ ಒಂದೆರಡು ಗಂಟೆ ಉರಿಯುತ್ತಿದ್ದರೆ ಅದು ಬಹುಶಃ ಮೂಲವ್ಯಾಧಿಯಲ್ಲ, ಗುದದ ಬಿರುಕು. ವೈದ್ಯರು ಇದನ್ನು ಫಿಶರ್ ಎನ್ನುತ್ತಾರೆ. ಪಕ್ಕದಲ್ಲಿ ಸಣ್ಣ ತೂತಾಗಿ ಕೀವು ಒಸರುತ್ತಿದ್ದರೆ ಅದು ಭಗಂದರ, ಅಂದರೆ ಫಿಸ್ಟುಲಾ. ಬಿರುಕಿಗೆ ಇಲ್ಲಿ ಹೇಳುವ ಆಹಾರ ಮತ್ತು ಬಿಸಿನೀರಿನ ಕ್ರಮವೇ ಉಪಕಾರಿ. ಭಗಂದರ ಮಾತ್ರ ಮನೆಯಲ್ಲಿ ವಾಸಿಯಾಗುವುದಿಲ್ಲ.

ಹಂತ 1: ನೀವು ಮನೆಮದ್ದು ಮಾಡಬಹುದೇ ಎಂದು ಮೊದಲು ನೋಡಿಕೊಳ್ಳಿ

ಈ ಹಂತವನ್ನು ದಾಟಿ ಮುಂದಕ್ಕೆ ಹೋಗಬೇಡಿ. ಕೆಳಗಿನವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರು, ಆಮೇಲೆ ಮನೆಮದ್ದು.

- ಮಲ ಡಾಂಬರಿನ ಬಣ್ಣಕ್ಕೆ ತಿರುಗಿ ಅಂಟಂಟಾಗಿದೆ, ಅಥವಾ ರಕ್ತ ಮಲದೊಳಗೇ ಬೆರೆತು ಬರುತ್ತಿದೆ.
- ಎಂದಿನ ಶೌಚದ ರೂಢಿ ಕೆಲವು ವಾರಗಳಿಂದ ಬದಲಾಗಿದೆ: ಒಮ್ಮೆ ಮಲಬದ್ಧತೆ, ಒಮ್ಮೆ ಭೇದಿ, ಹೋಗಿ ಬಂದರೂ ಪೂರ್ತಿಯಾಗದ ಭಾವ.
- ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಹಸಿವಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಮುಖ ಬಿಳಿಚಿದೆ.
- ವಯಸ್ಸು 45 ದಾಟಿದೆ ಮತ್ತು ರಕ್ತ ಕಾಣಿಸಿಕೊಂಡದ್ದು ಇದೇ ಮೊದಲು. ಅಥವಾ ಮನೆತನದಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು.
- ಜ್ವರ, ಕೀವು, ಅಥವಾ ಗುದದ ಪಕ್ಕದಲ್ಲಿ ಮಿಡಿಯುವ ಬಾವು ಇದೆ.
- ಹೃದಯದ ತೊಂದರೆಗೋ ಪಾರ್ಶ್ವವಾಯುವಿಗೋ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ರಕ್ತಸ್ರಾವಕ್ಕಿಂತ ದೊಡ್ಡ ಅಪಾಯ ತಂದೀತು.

ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಮೊದಮೊದಲು ನೋವಿಲ್ಲದ ರಕ್ತವಾಗಿಯೇ ಕಾಣಿಸಿಕೊಳ್ಳಬಹುದು. "ನನಗೆ ಹತ್ತು ವರ್ಷದಿಂದ ಪೈಲ್ಸ್ ಇದೆ" ಎಂದುಕೊಂಡೇ ತಡ ಮಾಡುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಮೊದಲಿನಿಂದ ಮೂಲವ್ಯಾಧಿ ಇದ್ದವರಿಗೆ ಬೇರೆ ಕಾಯಿಲೆ ಬರಬಾರದೆಂದೇನೂ ಇಲ್ಲ.

ಮಲೆನಾಡಿನವರಿಗೆ ಇನ್ನೂ ಒಂದು ಎಚ್ಚರಿಕೆ. ಡಿಸೆಂಬರಿನಿಂದ ಮೇ ತನಕ ಕಾಡಿಗೆ, ತೋಟಕ್ಕೆ, ಸೊಪ್ಪಿಗೆ ಹೋಗಿಬಂದವರಿಗೆ ತೀವ್ರ ಜ್ವರ, ಮೈಕೈ ನೋವು ಬಂದು, ಜೊತೆಗೆ ಮಲದಲ್ಲಿ ಅಥವಾ ವಸಡಿನಲ್ಲಿ ರಕ್ತ ಕಂಡರೆ ಅದನ್ನು ಮೂಲವ್ಯಾಧಿಯ ಲೆಕ್ಕಕ್ಕೆ ಸೇರಿಸಬೇಡಿ. ಮಂಗನ ಕಾಯಿಲೆಯಲ್ಲೂ ಹೀಗಾಗುತ್ತದೆ. ಅದು 1957ರಲ್ಲಿ ಮೊದಲು ಗುರುತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಗಾಬರಿ ಬೇಡದ ಎರಡು ಸಂಗತಿಗಳೂ ಇವೆ. ಬೀಟ್‌ರೂಟ್ ತಿಂದ ಮರುದಿನ ಮಲ ಕೆಂಪಾಗಬಹುದು, ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲ ಕಪ್ಪಾಗಬಹುದು.

ಹಂತ 2: ಬೇಕಾದುದನ್ನು ಹೊಂದಿಸಿಕೊಳ್ಳಿ

ದುಬಾರಿಯದು ಏನೂ ಇಲ್ಲ. ಇಸಬಗೋಲಿನ ಒಂದು ಪೊಟ್ಟಣ (ಒಂದು ಬಗೆಯ ಬೀಜದ ಹೊಟ್ಟು, ಔಷಧಿ ಅಂಗಡಿಯಲ್ಲೂ ದಿನಸಿ ಅಂಗಡಿಯಲ್ಲೂ ಸಿಗುತ್ತದೆ), ಕೂರಲು ಸಾಕಾಗುವಷ್ಟು ಅಗಲದ ಪ್ಲಾಸ್ಟಿಕ್ ಟಬ್ಬು, ಮೆತ್ತನೆಯ ಹತ್ತಿಬಟ್ಟೆ, ಕೊಬ್ಬರಿ ಎಣ್ಣೆ ಅಥವಾ ಬಿಳಿ ವ್ಯಾಸಲೀನ್, ಪ್ಯಾರಾಸಿಟಮಾಲ್ ಮಾತ್ರೆ. ಮನೆಯಲ್ಲಿ ಕಮೋಡು ಇದ್ದರೆ ಕಾಲಿಡಲು ಒಂದು ಎತ್ತರದ ಮಣೆ. ಒಂದು ಹಳೆಯ ಪಂಚಾಂಗದ ಅಥವಾ ಕ್ಯಾಲೆಂಡರಿನ ಹಾಳೆ ಕೂಡ ಇರಲಿ. ರಕ್ತ ಬಂದ ದಿನಗಳನ್ನು ಅದರಲ್ಲಿ ಗುರುತು ಹಾಕಿಕೊಂಡರೆ ಮುಂದೆ ವೈದ್ಯರಿಗೆ ಹೇಳಲು ಅನುಕೂಲ.

ಹಂತ 3: ಮಲವನ್ನು ಮೃದುವಾಗಿಸಿ

ಉಳಿದೆಲ್ಲ ಹಂತಗಳಿಗಿಂತ ಇದು ಮುಖ್ಯ. ನಿತ್ಯ 25ರಿಂದ 30 ಗ್ರಾಂ ನಾರಿನಂಶ ಹೊಟ್ಟೆಗೆ ಹೋಗಬೇಕು. ನಾರು ಎಂದರೆ ಆಹಾರದಲ್ಲಿ ಜೀರ್ಣವಾಗದೆ ಉಳಿದು, ನೀರು ಹೀರಿಕೊಂಡು ಮಲಕ್ಕೆ ಗಾತ್ರವನ್ನೂ ಮೃದುತನವನ್ನೂ ಕೊಡುವ ಭಾಗ.

ನಮ್ಮ ಊಟದ ತಟ್ಟೆಯನ್ನು ಒಮ್ಮೆ ನೋಡಿ. ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಬಿಳಿ ಅನ್ನ, ತಿಳಿಸಾರು, ರಾತ್ರಿ ಮತ್ತೆ ಅನ್ನ. ಮಳೆಗಾಲದಲ್ಲಿ ತರಕಾರಿ ಕಡಿಮೆಯಾಗಿ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಆ ಜಾಗಕ್ಕೆ ಬರುತ್ತವೆ. ಒಂದು ಬಟ್ಟಲು ಬಿಳಿ ಅನ್ನದಲ್ಲಿ ನಾರು ಇರುವುದು ಹೆಚ್ಚುಕಡಿಮೆ ಒಂದು ಗ್ರಾಂ. ಅಂಥ ತಟ್ಟೆಯಿಂದ 25 ಗ್ರಾಂ ತಲುಪುವುದು ಸಾಧ್ಯವೇ ಇಲ್ಲ. ಅನ್ನ ಬಿಡಿ ಎಂದು ಹೇಳುತ್ತಿಲ್ಲ, ಮಲೆನಾಡಿನಲ್ಲಿ ಅದು ಆಗುವ ಮಾತೂ ಅಲ್ಲ. ಅನ್ನದ ಪಕ್ಕದಲ್ಲಿ ಏನಿದೆ ಎಂಬುದನ್ನು ಬದಲಿಸಿ.

ಹಿತ್ತಿಲು ಮತ್ತು ತೋಟದಲ್ಲೇ ಬೇಕಾದಷ್ಟಿದೆ. ಬಸಳೆ, ಹರಿವೆ ಸೊಪ್ಪಿನ ಹುಳಿ ಅಥವಾ ಪಲ್ಯ, ಬಾಳೆದಿಂಡಿನ ಪಲ್ಯ, ಬಾಳೆಹೂವು, ಹಲಸಿನ ಗುಜ್ಜೆ, ಸೌತೆಕಾಯಿ, ಬೆಂಡೆಕಾಯಿ ಎಲ್ಲವೂ ಆಗಬಹುದು. ಒಂದು ಬಟ್ಟಲು ಬೇಯಿಸಿದ ಹೆಸರುಕಾಳಿನಲ್ಲಿ ಹತ್ತು ಗ್ರಾಂಗಿಂತ ಹೆಚ್ಚು ನಾರಿದೆ, ಹುರುಳಿ, ಅಲಸಂದೆಯೂ ಇದೇ ಸಾಲಿನವು. ಪಾಲಿಶ್ ಮಾಡದ ಕೆಂಪಕ್ಕಿ ಬಿಳಿ ಅಕ್ಕಿಗಿಂತ ಮೇಲು. ಶಿಕಾರಿಪುರದ ಕಡೆಯವರಿಗೆ ರಾಗಿ ಅಭ್ಯಾಸವಿದ್ದರೆ ದಿನಕ್ಕೊಂದು ಹೊತ್ತು ಇರಲಿ. ದಿನಕ್ಕೊಂದು ಪೇರಲೆ, ಒಂದೆರಡು ಬಾಳೆಹಣ್ಣು ಅಥವಾ ಒಂದು ಹೋಳು ಪಪ್ಪಾಯಿ ತಿನ್ನಿ.

ಸುವರ್ಣಗಡ್ಡೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಆಯುರ್ವೇದದಲ್ಲಿ ಅದಕ್ಕೆ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ಕಳೆಯುವುದು, ಎಂಬ ಹೆಸರೇ ಇದೆ. ನಾರು ಚೆನ್ನಾಗಿರುವ ತರಕಾರಿ ಅದು, ಧಾರಾಳವಾಗಿ ತಿನ್ನಿ. ಹುಣಸೆಹುಳಿ ಹಾಕಿ ಪೂರ್ತಿ ಬೇಯಿಸಿರಬೇಕು, ಇಲ್ಲದಿದ್ದರೆ ಗಂಟಲು, ನಾಲಿಗೆ ತುರಿಸುತ್ತದೆ. ಆದರೆ ಹಸಿ ಗಡ್ಡೆಯನ್ನು ಅರೆದು ಕುಡಿಯುವುದು, ಮೊಳೆಗೆ ಹಚ್ಚುವುದು ಎರಡೂ ಬೇಡವೇ ಬೇಡ. ದಾಳಿಂಬೆ ಸಿಪ್ಪೆಯ ತಂಬುಳಿ ಭೇದಿ ಕಟ್ಟುವುದಕ್ಕೆಂದು ಮಾಡುವ ಪದಾರ್ಥ. ಮಲಬದ್ಧತೆ ಇರುವಾಗ ಅದನ್ನು ಬಿಟ್ಟು ಒಂದೆಲಗದ ತಂಬುಳಿಯೋ, ಮಜ್ಜಿಗೆಯೋ ಇರಲಿ.

ಊಟದಿಂದ ಸಾಲದ ನಾರನ್ನು ಇಸಬಗೋಲು ತುಂಬುತ್ತದೆ. ರಾತ್ರಿ ಊಟವಾದ ಮೇಲೆ ಒಂದು ದೊಡ್ಡ ಚಮಚವನ್ನು ಒಂದು ಲೋಟ ತುಂಬ ನೀರಿಗೆ ಹಾಕಿ, ಕಲಕಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ. ಅದರ ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ಮೂರ್ನಾಲ್ಕು ದಿನದಲ್ಲಿ ಮಲ ಮೃದುವಾಗದಿದ್ದರೆ ಬೆಳಿಗ್ಗೆಯೂ ಒಂದು ಚಮಚ ಸೇರಿಸಿ.

ಇಲ್ಲಿ ಜನ ಎಡವುವುದು ಹೀಗೆ:

- ಒಣ ಹೊಟ್ಟನ್ನೇ ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿಯುತ್ತಾರೆ. ಅದು ಗಂಟಲಿನಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವ ಹಿರಿಯರಿಗೆ ಇಸಬಗೋಲು ಕೊಡಲೇಬೇಡಿ. ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗಾಳಿಯೂ ಹೋಗದೆ ಇರುವವರಿಗೂ ಬೇಡ, ಅವರು ಆಸ್ಪತ್ರೆಗೆ ಹೋಗಬೇಕು.
- ಮೊದಲ ದಿನವೇ ಎಲ್ಲವನ್ನೂ ಹೆಚ್ಚಿಸಿ, ಹೊಟ್ಟೆ ಉಬ್ಬರಿಸಿದಾಗ "ನನಗೆ ಆಗಿಬರುವುದಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಒಂದು ವಾರದಲ್ಲಿ ನಿಧಾನವಾಗಿ ಏರಿಸಿ.
- ಬೇರೆ ಮಾತ್ರೆಗಳ ಜೊತೆಗೇ ನುಂಗುತ್ತಾರೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆಗಳಿಗೂ ಇದಕ್ಕೂ ನಡುವೆ ಎರಡು ಗಂಟೆ ಅಂತರ ಇರಲಿ.
- ರಕ್ತ ನಿಂತ ಕೂಡಲೇ ನಿಲ್ಲಿಸುತ್ತಾರೆ. ಮಲ ಮೃದುವಾಗಲು ಎರಡು ಮೂರು ದಿನ ಸಾಕು. ಊದಿದ ಮೊಳೆ ಇಳಿದು ರಕ್ತ ನಿಲ್ಲಲು ಒಂದೂವರೆ ತಿಂಗಳೂ ಬೇಕಾದೀತು.

ನೀರಿನ ವಿಷಯ. ಬೇಸಿಗೆಯಲ್ಲಿ ಬಾಯಾರಿಕೆಯೇ ನೆನಪಿಸುತ್ತದೆ, ಆಗುಂಬೆಯ ಕಡೆಯ ಮಳೆಯಲ್ಲಿ ಚಳಿಗೆ ಕಾಫಿಯ ಹೊರತು ನೀರು ನೆನಪಾಗುವುದಿಲ್ಲ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ದ್ರವ ಬೇಕು. ಜೀರಿಗೆ ಹಾಕಿ ಕುದಿಸಿದ ಬೆಚ್ಚಗಿನ ನೀರು, ನೀರು ಮಜ್ಜಿಗೆ, ಗಂಜಿಯ ತಿಳಿ, ಮುರುಗಲು ಹಣ್ಣಿನ ಸಾರು ಎಲ್ಲ ಲೆಕ್ಕಕ್ಕೆ ಬರುತ್ತದೆ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಗೆ ನೀರಿನ ಮಿತಿ ಹೇಳಿಸಿಕೊಂಡವರು ಆ ಮಿತಿಯಲ್ಲೇ ಇರಿ.

ಖಾರದ ಬಗ್ಗೆ ಒಂದು ಮಾತು. ಮೆಣಸಿನಕಾಯಿ ಮೂಲವ್ಯಾಧಿಯನ್ನು ಹುಟ್ಟಿಸುವುದಿಲ್ಲ, ಆದರೆ ಈಗಾಗಲೇ ಕೆರಳಿರುವ ಜಾಗವನ್ನು ಉರಿಸಬಹುದು. ಉರಿ ಇರುವಷ್ಟು ದಿನ ಖಾರ ಕಡಿಮೆ ಮಾಡಿ. "ಉಷ್ಣ" ಎಂದು ಬರೀ ಎಳನೀರು ಕುಡಿದು ತಂಪು ಮಾಡಿಕೊಳ್ಳುವವರಿಗೆ ನನ್ನ ವಿನಂತಿ: ಎಳನೀರು ಕುಡಿಯಿರಿ, ಅದರ ಜೊತೆಗೆ ಸೊಪ್ಪು, ಕಾಳನ್ನೂ ತಿನ್ನಿ.

ಹಂತ 4: ಶೌಚದ ರೀತಿ ಬದಲಿಸಿ

ತಿಂಡಿ ತಿಂದು ಅಥವಾ ಬಿಸಿ ಕಾಫಿ ಕುಡಿದು ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ಕರೆಯನ್ನು ತಡೆಯಬೇಡಿ. ಹಾಲು ಕರೆಯುವುದು, ಮಕ್ಕಳ ಬುತ್ತಿ, ಬೆಳಗಿನ ಬಸ್ಸು ಎಂದು ಮುಂದೂಡಿದರೆ ಮಲದಲ್ಲಿರುವ ನೀರನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ಅದು ಆಡಿನ ಹಿಕ್ಕೆಯಷ್ಟು ಗಟ್ಟಿ. ಮನೆಯ ಹೆಂಗಸರಿಗೆ ಇದು ಹೆಚ್ಚು ಆಗುವುದನ್ನು ನೋಡುತ್ತೇನೆ. ಎಲ್ಲರ ಕೆಲಸ ಮುಗಿದ ಮೇಲೆ ತಮ್ಮದು ಎಂದು ಅವರು ಕಾಯುತ್ತಾರೆ. ಆ ಹದಿನೈದು ನಿಮಿಷವನ್ನು ಮನೆಯ ಉಳಿದವರು ಅವರಿಗೆ ಬಿಟ್ಟುಕೊಡಬೇಕು.

ಕೂರುವುದು ಐದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಮೊಬೈಲ್ ಹೊರಗಿರಲಿ. ಬಾರದಿದ್ದರೆ ಎದ್ದು ಬನ್ನಿ, ಮತ್ತೆ ಕರೆ ಬಂದಾಗ ಹೋಗಿ. ಉಸಿರು ಬಿಗಿಹಿಡಿದು ಮುಕ್ಕಬೇಡಿ, ಬಾಯಿ ತುಸು ತೆರೆದು ಉಸಿರು ಬಿಡುತ್ತಾ ಹೊಟ್ಟೆಯನ್ನು ಸಡಿಲಿಸಿ. ಕಮೋಡಿನಲ್ಲಿ ಕೂರುವವರು ಪಾದದ ಕೆಳಗೆ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂತು ಮುಂದಕ್ಕೆ ಬಾಗಿದರೆ ದಾರಿ ನೇರವಾಗುತ್ತದೆ.

ತೊಳೆಯಲು ಬರೀ ನೀರು ಸಾಕು. ಸಾಬೂನು, ಸುವಾಸನೆಯ ಟಿಶ್ಯೂ ತುರಿಕೆ ಹೆಚ್ಚಿಸುತ್ತವೆ. ಉಜ್ಜದೆ ಮೆತ್ತಗೆ ಒತ್ತಿ ಒರೆಸಿ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಒಳಉಡುಪು ಹಾಕಿಕೊಂಡರೆ ಅಲ್ಲಿ ಶಿಲೀಂಧ್ರದ ಸೋಂಕಾಗಿ, ಅದರ ತುರಿಕೆಯನ್ನೇ ಮೂಲವ್ಯಾಧಿ ಎಂದುಕೊಳ್ಳುವವರಿದ್ದಾರೆ. ಒಲೆಯ ಕಾವಿನಲ್ಲಾದರೂ ಪೂರ್ತಿ ಒಣಗಿಸಿ ಹಾಕಿಕೊಳ್ಳಿ. ಮಕ್ಕಳಿಗೆ ರಾತ್ರಿ ಹೊತ್ತು ಗುದದಲ್ಲಿ ತುರಿಕೆಯಾದರೆ ಅದು ಸಾಮಾನ್ಯವಾಗಿ ಜಂತುಹುಳ. ಮಕ್ಕಳಲ್ಲಿ ಮೂಲವ್ಯಾಧಿ ಅಪರೂಪ.

ಹಂತ 5: ಬಿಸಿನೀರಿನಲ್ಲಿ ಕೂರುವುದು

ಇದನ್ನು ಕಟಿಸ್ನಾನ ಎನ್ನುತ್ತಾರೆ. ಸೊಂಟದ ಕೆಳಭಾಗ ಮಾತ್ರ ಬೆಚ್ಚಗಿನ ನೀರಿನಲ್ಲಿ ಮುಳುಗಿರಬೇಕು. ಗುದದ ಸುತ್ತಲಿನ ಬಿಗಿದ ಸ್ನಾಯು ಸಡಿಲವಾಗಿ ನೋವು ಇಳಿಯುತ್ತದೆ.

ಬಚ್ಚಲಿನಲ್ಲಿ ಹಂಡೆ ಇರುವ ಮನೆಗಳಲ್ಲಿ ಇದು ಸುಲಭ. ಟಬ್ಬಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಹಂಡೆಯ ನೀರು ಬೆರೆಸಿ. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಚುರುಕೆನ್ನಬಾರದು. ಹತ್ತರಿಂದ ಹದಿನೈದು ನಿಮಿಷ ಕೂರಿ. ದಿನಕ್ಕೆ ಎರಡು ಮೂರು ಸಲ, ಅದರಲ್ಲೊಂದು ಶೌಚವಾದ ಕೂಡಲೇ. ನೀರಿಗೆ ಏನೂ ಬೆರೆಸಬೇಕಾಗಿಲ್ಲ. ಡೆಟಾಲ್ ಹಾಕಿದರೆ ಚರ್ಮ ಕೆರಳುತ್ತದೆ, ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಹೆಚ್ಚಾದರೆ ಸುಟ್ಟೇಹೋಗುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರ ನೀರನ್ನು ಮನೆಯ ಬೇರೆಯವರು ಮುಟ್ಟಿ ನೋಡಲಿ. ಏಳುವಾಗ ತಲೆ ಸುತ್ತಬಹುದು, ಗೋಡೆ ಹಿಡಿದು ನಿಧಾನವಾಗಿ ಏಳಿ. ಒರೆಸಿಕೊಂಡ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು.

ಹಂತ 6: ನೋವು, ಊತ ಜೋರಾದ ದಿನಗಳಲ್ಲಿ

ಹೊರಮೊಳೆಯಲ್ಲಿ ರಕ್ತ ಹೆಪ್ಪುಗಟ್ಟಿ ಗಂಟಾದಾಗ ಮೊದಲ ಎರಡು ಮೂರು ದಿನ ಅತಿ ಹೆಚ್ಚು ನೋವು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಪಕ್ಕಕ್ಕೆ ಹೊರಳಿ ಮಲಗಿ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ರಕ್ತ ಬರುತ್ತಿರುವಾಗ ಐಬುಪ್ರೊಫೇನ್, ಡೈಕ್ಲೊಫಿನಾಕ್ ಮಾತ್ರೆಗಳನ್ನು ವೈದ್ಯರು ಹೇಳದೆ ನುಂಗಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು. ಟ್ರಮಾಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗಳು ಮಲವನ್ನು ಗಟ್ಟಿ ಮಾಡುತ್ತವೆ.

ಗಂಟು ಎದ್ದು ಮೂರು ದಿನ ಆಗುವ ಮೊದಲೇ ತಲುಪಿದರೆ ವೈದ್ಯರು ಆ ಜಾಗಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು ಗಂಟನ್ನು ತೆಗೆದುಹಾಕಬಲ್ಲರು, ನೋವು ಬೇಗ ಇಳಿಯುತ್ತದೆ. ಅದು ದಾಟಿದರೆ ತಾನಾಗಿ ಕರಗಲು ಬಿಡುವುದೇ ಲೇಸು, ಒಂದೆರಡು ವಾರ ಬೇಕು. ನೀವೇ ಸೂಜಿಯಿಂದ ಚುಚ್ಚಬೇಡಿ.

ಅಂಗಡಿಯಲ್ಲಿ ಸಿಗುವ ಮುಲಾಮುಗಳಲ್ಲಿ ಲಿಗ್ನೊಕೇನ್ ಇರುವುದು ಮರಗಟ್ಟಿಸುತ್ತದೆ, ಸ್ಟೀರಾಯ್ಡ್ ಇರುವುದು ತುರಿಕೆ, ಊತ ಇಳಿಸುತ್ತದೆ. ಸ್ಟೀರಾಯ್ಡ್ ಇರುವುದನ್ನು ಒಂದು ವಾರಕ್ಕಿಂತ ಹೆಚ್ಚು ಬಳಸಿದರೆ ಚರ್ಮ ತೆಳುವಾಗಿ ಬಿರುಕು ಬಿಡುತ್ತದೆ. ಕೊಳವೆಯ ಮೇಲೆ ಏನು ಬರೆದಿದೆ ಎಂದು ಅಂಗಡಿಯವರನ್ನೇ ಕೇಳಿ ತಿಳಿದುಕೊಳ್ಳಿ.

ಒಳಮೊಳೆ ಹೊರಬಂದು ಒಳಹೋಗದಿದ್ದರೆ ಕೈ ತೊಳೆದು, ಬೆರಳಿಗೆ ಎಣ್ಣೆ ಹಚ್ಚಿ, ಎಡಮಗ್ಗುಲಿಗೆ ಮಲಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಬಲ ಹಾಕಬೇಡಿ. ಹೋಗದೆ ನೋವು ಹೆಚ್ಚುತ್ತಿದ್ದರೆ, ಬಣ್ಣ ಕಪ್ಪಗಾಗುತ್ತಿದ್ದರೆ ಅದೇ ದಿನ ಆಸ್ಪತ್ರೆ. ರಕ್ತ ನಿಲ್ಲದೆ ಸುರಿಯುತ್ತಿದ್ದು ತಲೆ ತಿರುಗಿದರೆ, ಮಡಿಸಿದ ಶುದ್ಧ ಬಟ್ಟೆಯನ್ನು ಒತ್ತಿ ಹಿಡಿದು ಮಲಗಿಸಿ 108ಕ್ಕೆ ಕರೆ ಮಾಡಿ. ಘಟ್ಟದ ಕೆಳಗಿನ, ಹಿನ್ನೀರಿನ ಆಚೆಯ ಊರುಗಳಿಂದ ಆಸ್ಪತ್ರೆಗೆ ಬರಲು ಹೊತ್ತು ಹಿಡಿಯುತ್ತದೆ. ಮಳೆಗಾಲದ ರಾತ್ರಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

ಹಂತ 7: ಕೆಲಸದ ನಡುವೆ

ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಬನ್ನಿ. ಗಟ್ಟಿ ನೆಲದ ಬದಲು ಮಡಿಸಿದ ಕಂಬಳಿಯ ಮೇಲೆ ಕೂರಿ. ಲಾರಿ, ಬಸ್ಸು ಓಡಿಸುವವರಿಗೆ, ಕಚೇರಿಯಲ್ಲಿ ಕೂರುವವರಿಗೂ ಇದೇ ಮಾತು. ಅಡಿಕೆ ಮೂಟೆ, ಸೊಪ್ಪಿನ ಹೊರೆ ಎತ್ತುವುದನ್ನು ರಕ್ತ ನಿಲ್ಲುವ ತನಕ ಬೇರೆಯವರಿಗೆ ಬಿಡಿ. ಎತ್ತಲೇಬೇಕಾದರೆ ಉಸಿರು ಬಿಡುತ್ತಾ ಎತ್ತಿ. ದಿನಕ್ಕೆ ಅರ್ಧ ಗಂಟೆ ನಡೆದರೆ ಕರುಳೂ ಚುರುಕಾಗುತ್ತದೆ.

ಬಸುರಿ, ಬಾಣಂತಿಯರಿಗೆ

ಬಸಿರಿನ ಕೊನೆಯ ತಿಂಗಳುಗಳಲ್ಲಿ ಗರ್ಭದ ಭಾರಕ್ಕೆ ಮೊಳೆ ಊದುವುದು ಸಾಮಾನ್ಯ. ಕಬ್ಬಿಣಾಂಶದ ಮಾತ್ರೆಯ ಮಲಬದ್ಧತೆಯೂ ಸೇರುತ್ತದೆ. ಮಾತ್ರೆ ನಿಲ್ಲಿಸಬೇಡಿ, ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿ. ಆಹಾರದ ನಾರು, ನೀರು, ಇಸಬಗೋಲು, ಹಿತವಾದ ಬೆಚ್ಚಗಿನ ನೀರು ಇವರಿಗೂ ಸುರಕ್ಷಿತ. ಬೇರೆ ಯಾವ ಮಾತ್ರೆ, ಮುಲಾಮು, ಕಷಾಯವನ್ನೂ ಕೇಳದೆ ತೆಗೆದುಕೊಳ್ಳಬೇಡಿ. ಬಾಣಂತಿಗೆ ಸೊಪ್ಪು, ತರಕಾರಿ, ನೀರು ಕೊಡದೆ ಪಥ್ಯ ಮಾಡಿಸುವ ಮನೆಗಳು ಇನ್ನೂ ಇವೆ. ಹೆರಿಗೆಯ ನಂತರ ಮೊಳೆಯಿಂದ ನರಳುವವಳಿಗೆ ಆ ಪಥ್ಯ ದೊಡ್ಡ ಹಿಂಸೆ. ಹಿರಿಯರು ದಯವಿಟ್ಟು ಇದನ್ನು ಬಿಡಬೇಕು.

ಇವನ್ನು ಮಾತ್ರ ಮಾಡಬೇಡಿ

ಮೊಳೆಗೆ ಸುಣ್ಣ, ಪಟಿಕ, ಬೆಳ್ಳುಳ್ಳಿ, ಸೀಮೆಎಣ್ಣೆ ಹಚ್ಚಬೇಡಿ. ಕೇರುಬೀಜದ ಎಣ್ಣೆ ತಾಗಿದರೆ ಚರ್ಮ ಬೊಬ್ಬೆ ಎದ್ದು ಹುಣ್ಣಾಗುತ್ತದೆ. ನಾಚಿಕೆಮುಳ್ಳಿನ ಸೊಪ್ಪನ್ನು ಅರೆದು ಕಟ್ಟುವ ರೂಢಿ ನಮ್ಮಲ್ಲಿದೆ. ಒಡೆದು ರಕ್ತ ಬರುತ್ತಿರುವ ಜಾಗಕ್ಕೆ ಮಣ್ಣಿನಿಂದ ಕಿತ್ತು ತಂದ ಯಾವ ಸೊಪ್ಪೂ ಬೇಡ. ಹರಳೆಣ್ಣೆ ಕುಡಿದು ಒಂದೇ ದಿನ ಹೊಟ್ಟೆ ತೊಳೆದುಕೊಳ್ಳುವುದರಿಂದ ಭೇದಿಯಾಗಿ ಮೊಳೆ ಇನ್ನಷ್ಟು ಕೆರಳುತ್ತದೆ. ಸೋನಾಮುಖಿ, ಬಿಸಾಕೊಡಿಲ್‌ನಂಥ ಭೇದಿ ಮದ್ದು ಒಂದೆರಡು ದಿನಕ್ಕೆ ಸರಿ, ನಿತ್ಯಕ್ಕಲ್ಲ.

ಇನ್ನು, "ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್ನಿಗೆ ಗ್ಯಾರಂಟಿ" ಎಂಬ ಬೋರ್ಡುಗಳು ಬಸ್ ನಿಲ್ದಾಣದ ಸುತ್ತ ಕಾಣುತ್ತವೆ. ವೈದ್ಯಕೀಯ ಪದವಿ ಇಲ್ಲದವರು ತಪ್ಪು ಜಾಗಕ್ಕೆ ತಪ್ಪು ದ್ರಾವಣ ಚುಚ್ಚಿದರೆ ಅಲ್ಲಿ ಮಾಂಸ ಕೊಳೆಯಬಹುದು, ಗುದದ್ವಾರವೇ ಕಿರಿದಾಗಬಹುದು, ಮಲ ಹಿಡಿದಿಡುವ ಶಕ್ತಿ ಹೋಗಬಹುದು. ಹೆಸರಿಲ್ಲದ ಪೊಟ್ಟಣದ ಪುಡಿಯನ್ನೂ ನಂಬಬೇಡಿ. ಆಯುರ್ವೇದದಲ್ಲಿ ಮದ್ದು ಮಾಡಿಸಿಕೊಳ್ಳುವ ಇಚ್ಛೆಯಿದ್ದರೆ ಪದವಿ ಪಡೆದ, ನೋಂದಾಯಿತ ವೈದ್ಯರ ಬಳಿಗೆ ಹೋಗಿ. ಭಗಂದರಕ್ಕೆ ಕ್ಷಾರಸೂತ್ರ, ಅಂದರೆ ಕ್ಷಾರ ಲೇಪಿಸಿದ ದಾರದ ಚಿಕಿತ್ಸೆ, ಒಳ್ಳೆಯ ಹೆಸರು ಪಡೆದಿದೆ. ಅದನ್ನೂ ತರಬೇತಿ ಪಡೆದವರೇ ಮಾಡಬೇಕು.

ಹಂತ 8: ವಾರ ಕಳೆದರೂ ಇಳಿಯದಿದ್ದರೆ

ಮೇಲಿನ ಕ್ರಮವನ್ನು ಬಿಡದೆ ಪಾಲಿಸಿದರೂ ಒಂದು ವಾರದಲ್ಲಿ ರಕ್ತವಾಗಲಿ ನೋವಾಗಲಿ ಸ್ವಲ್ಪವೂ ಕಡಿಮೆಯಾಗದಿದ್ದರೆ, ಅಥವಾ ನಿಂತದ್ದು ಪದೇಪದೇ ಮರುಕಳಿಸಿದರೆ, ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ. ಆಧಾರ್, ಪಡಿತರ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ರಕ್ತ ಬಂದ ದಿನಗಳ ಗುರುತಿನ ಹಾಳೆ ಜೊತೆಗಿರಲಿ.

ಪರೀಕ್ಷೆಗೆ ಹೆದರಬೇಡಿ. ಪಕ್ಕಕ್ಕೆ ಮಲಗಿಸಿ, ಜೆಲ್ಲಿ ಹಚ್ಚಿದ ಬೆರಳಿನಿಂದ ನೋಡುತ್ತಾರೆ, ಆಮೇಲೆ ಪ್ರಾಕ್ಟೋಸ್ಕೋಪ್ ಎಂಬ ಬೆರಳುದ್ದದ ಕೊಳವೆಯಿಂದ ಒಳಗೆ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ಬಿರುಕಿನ ನೋವಿದ್ದರೆ ಮೊದಲೇ ಹೇಳಿ, ಆ ದಿನ ಅದನ್ನು ಮುಂದೂಡಬಹುದು. ಮಹಿಳಾ ವೈದ್ಯರು ಬೇಕೆಂದು ಅಥವಾ ನರ್ಸ್ ಜೊತೆಗಿರಲೆಂದು ಕೇಳಲು ಸಂಕೋಚ ಬೇಡ. ಎಂದಿನಿಂದ ಶುರು, ರಕ್ತದ ಬಣ್ಣ ಯಾವುದು, ಹನಿಯುತ್ತದೆಯೋ ಮಲಕ್ಕೆ ಮೆತ್ತಿರುತ್ತದೆಯೋ, ಮೊಳೆ ಹೊರಬರುತ್ತದೆಯೋ ಎಂಬುದನ್ನು ಸುತ್ತುಬಳಸದೆ ಹೇಳಿ. ಬಹಳ ದಿನದಿಂದ ರಕ್ತ ಹೋಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಆಸ್ಪತ್ರೆ ಎಂದರೆ ಆಪರೇಷನ್ನೇ ಎಂದುಕೊಳ್ಳಬೇಕಿಲ್ಲ. ಒಂದರಿಂದ ಮೂರನೆಯ ದರ್ಜೆಯ ತನಕದ ಹಲವು ಒಳಮೊಳೆಗಳಿಗೆ ಬುಡದಲ್ಲಿ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ರಕ್ತ ಹರಿಯದೆ ಮೊಳೆ ಒಣಗಿ, ಸುಮಾರು ಒಂದು ವಾರದಲ್ಲಿ ಬ್ಯಾಂಡಿನ ಜೊತೆ ಬಿದ್ದುಹೋಗುತ್ತದೆ. ತೀರಾ ದೊಡ್ಡದಾದ, ಒಳಗೆ ನಿಲ್ಲದ ಮೊಳೆಗಳಿಗೆ ಮಾತ್ರ ಶಸ್ತ್ರಚಿಕಿತ್ಸೆ. ಅದರ ಗಾಯ ಮಾಯಲು ಕೆಲವು ವಾರ ಬೇಕು, ಕೊಯ್ಲಿನ ಕೆಲಸಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳಿ.

ಬ್ಯಾಂಡ್ ಹಾಕಿಸಿಕೊಂಡು ಬಂದವರು ಇಸಬಗೋಲು, ನೀರು, ಸೊಪ್ಪು ತರಕಾರಿಯನ್ನು ಮುಂದುವರಿಸಲೇಬೇಕು. ಬ್ಯಾಂಡ್ ಬೀಳುವ ದಿನಗಳಲ್ಲಿ ಒಂದಿಷ್ಟು ರಕ್ತ ಕಾಣುವುದು ಸಹಜ. ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ ಅದು ಸೋಂಕಿನ ಸೂಚನೆ ಇರಬಹುದು. ಅಂಥ ಹೊತ್ತಿನಲ್ಲಿ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹಿಂತಿರುಗಿ.